ಆಚಾರ್ಯರ ಪಿಸ್ತೂಲಿಗೆ ಬಂದ ರೋಗ

ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಹದಿನೈದು ವರ್ಷ ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿ ಹವಾಲ್ದಾರನಾಗಿ ಹೊರಬಂದವನು ನಾನು. ಆಮೇಲೆ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಎಪ್ಪತ್ತರ ದಶಕದ ನಡುವಿನಲ್ಲಿ ವರ್ಗವಾಗಿ ಕಾಶಿಗೆ ಬಂದೆ. ಕಂಟೋನ್ಮೆಂಟಿನ ಶಾಖೆಯಲ್ಲಿ ಲೆಡ್ಜರು ಬರೆಯುವುದು ನನ್ನ ಕೆಲಸ. ಬ್ಯಾಂಕಿನ ಕಾವಲುಗಾರರ ಬಂದೂಕುಗಳನ್ನು ಆಗಾಗ ನೋಡುವುದೂ ನನ್ನ ತಲೆಗೇ ಬಿತ್ತು. ನನ್ನ ಹಳೆಯ ಕಸುಬು ಬಾಯಿಂದ ಬಾಯಿಗೆ ಹರಡಿದ್ದೇ ತಡ, ಲೈಸೆನ್ಸ್ ಇದ್ದ ಮಹಾಶಯರೆಲ್ಲ ಭಾನುವಾರ ಬಂತೆಂದರೆ ತಮ್ಮ ಪಿಸ್ತೂಲು ಹಿಡಿದು ನನ್ನ ಮನೆಯ ಮುಂದೆ ಹಾಜರಾಗತೊಡಗಿದರು.

ಎಂಥೆಂಥವರು ಬರುತ್ತಿದ್ದರು! ಒಬ್ಬ ಹೋಟೆಲ್ ಮಾಲೀಕ ಕೊಂಡ ದಿನ ತುಂಬಿದ ಗುಂಡನ್ನು ವರ್ಷಗಟ್ಟಲೆ ತೆಗೆಯದೆ, ಸ್ಪ್ರಿಂಗು ಸತ್ತುಹೋದ ಮೇಲೆ ತಂದಿದ್ದ. ಒಬ್ಬ ಕಂತ್ರಾಟುದಾರ ತಲೆಗೆ ಹಚ್ಚುವ ಚಮೇಲಿ ಎಣ್ಣೆಯನ್ನೇ ಪಿಸ್ತೂಲಿಗೂ ಹೊಯ್ದಿದ್ದ; ಅದು ಗೋಂದಿನ ಹಾಗೆ ಅಂಟಿಕೊಂಡು, ಕೊರೆದು ತೆಗೆಯಬೇಕಾಯಿತು. ಒಬ್ಬ ವಕೀಲ ಏಳು ಗುಂಡು ಹಿಡಿಯುವ ಜಾಗಕ್ಕೆ ಎಂಟನೆಯದನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತುರುಕಿದ್ದ. ಎಲ್ಲರದೂ ಒಂದೇ ಮಾತು: ಪಿಸ್ತೂಲು ಕೆಟ್ಟಿದೆ, ಕಂಪನಿಯವನು ಮೋಸ ಮಾಡಿದ. ತಾವು ಏನು ಮಾಡಿದ್ದೇವೆ ಎಂದು ಒಬ್ಬನಾದರೂ ಬಾಯಿಬಿಟ್ಟದ್ದು ನನಗೆ ನೆನಪಿಲ್ಲ.

ಪಿಸ್ತೂಲು ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಕೆಡುವುದು ಮ್ಯಾಗಜಿನ್. ಹಿಡಿಯೊಳಗೆ ಕೂರುವ, ಗುಂಡು ತುಂಬುವ ಆ ತಗಡಿನ ಡಬ್ಬಿಯನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಅದರ ತಳದಲ್ಲಿ ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ಗುಂಡುಗಳನ್ನು ಮೇಲಕ್ಕೆ ನೂಕುವ ಒಂದು ಸಣ್ಣ ತಟ್ಟೆ, ಬಾಯಲ್ಲಿ ಗುಂಡನ್ನು ತಡೆದು ಹಿಡಿಯುವ ಎರಡು ತುಟಿ. ಒಂದು ಗುಂಡು ಹಾರಿದ ಕೂಡಲೇ ಪಿಸ್ತೂಲಿನ ಮೇಲ್ಭಾಗದ ಸ್ಲೈಡು ಹಿಂದಕ್ಕೆ ಸರಿದು ಮತ್ತೆ ಮುಂದಕ್ಕೆ ಬರುತ್ತದೆ. ಅದು ಬರುವಷ್ಟರಲ್ಲಿ ಮುಂದಿನ ಗುಂಡು ಮೇಲೆದ್ದು ನಿಂತಿರಬೇಕು. ದೊಡ್ಡ ಪಿಸ್ತೂಲಿನಲ್ಲಿ ಸ್ಲೈಡು ದೂರ ಹೋಗಿ ಬರುತ್ತದೆ, ಸ್ಪ್ರಿಂಗಿಗೆ ಸ್ವಲ್ಪ ಪುರಸತ್ತು ಸಿಗುತ್ತದೆ. ಜೇಬಿನಲ್ಲಿ ಹಿಡಿಸುವ ಸಣ್ಣ ಪಿಸ್ತೂಲಿನಲ್ಲಿ ಆ ಪುರಸತ್ತು ಇಲ್ಲ. ಗುಂಡು ಏಳುವುದು ಚೂರು ತಡವಾದರೂ ಸ್ಲೈಡು ಅದರ ಹೊಟ್ಟೆಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಜನ ಮಾತ್ರ ಸಣ್ಣ ಪಿಸ್ತೂಲನ್ನೇ ಕೊಳ್ಳುತ್ತಾರೆ, ಜುಬ್ಬದೊಳಗೆ ಅಂದವಾಗಿ ಕೂರುತ್ತದೆಂದು.

ಹನುಮಾನ್ ಘಾಟಿನ ಆಚಾರ್ಯರದೂ ಅಂಥದೇ ಬತ್ತೀಸ್, ಅಂದರೆ ಮೂವತ್ತೆರಡು, ಬೋರಿನ ವಿಲಾಯತಿ ಪಿಸ್ತೂಲು. ಅವರ ಅಜ್ಜ ಧಾರವಾಡದ ಕಡೆಯಿಂದ ಕಾಶಿಗೆ ಬಂದು ನೆಲೆಸಿದವರು. ಮೊಮ್ಮಗ ಯಾತ್ರಿಕರಿಗೆ ಶ್ರಾದ್ಧ ಸಂಕಲ್ಪಗಳನ್ನು ಮಾಡಿಸುತ್ತ, ಮೂರಂತಸ್ತಿನ ವಸತಿಗೃಹ ನಡೆಸುತ್ತ ಚೆನ್ನಾಗಿ ಕುದುರಿಕೊಂಡಿದ್ದರು. ಯಾತ್ರಿಕರ ಒಡವೆ ಕಾಯಬೇಕೆಂದು ಅರ್ಜಿಯಲ್ಲಿ ಬರೆದು ಲೈಸೆನ್ಸ್ ಪಡೆದಿದ್ದರು. ಯಾರ ಒಡವೆಗೂ ಯಾರೂ ಕೈಹಾಕಿದ್ದು ನಾನು ಕೇಳಿಲ್ಲ. ಹಣೆಯಲ್ಲಿ ಅಂಗಾರಾಕ್ಷತೆ, ಮೈಮೇಲೆ ಮಡಿಪಂಚೆ, ಪಂಚೆಯ ಗಂಟಿನಲ್ಲಿ ಪಿಸ್ತೂಲು; ಓಣಿಯಲ್ಲಿ ನಡೆದು ಬಂದರೆ ಗೂಳಿಗಳೂ ದಾರಿ ಬಿಡಬೇಕೆಂದು ಅವರ ನಿರೀಕ್ಷೆ. ಆದರೂ ಊರುಬಿಟ್ಟು ಊರಿಗೆ ಬಂದ ನಮ್ಮಂಥ ನಾಲ್ಕು ಸಂಸಾರಗಳಿಗೆ ಅವರ ಮನೆಯ ಅಂಗಳವೇ ಕನ್ನಡದ ಕಟ್ಟೆ. ಯುಗಾದಿ, ಗೌರಿ ಹಬ್ಬ, ಎಲ್ಲ ಅಲ್ಲೇ. ನನ್ನ ಹೆಂಡತಿ ವಾರಕ್ಕೆರಡು ಸಲ ಅಲ್ಲಿಗೆ ಹೋಗಿ ಬಾಯ್ತುಂಬ ಮಾತಾಡಿಕೊಂಡು ಬರುತ್ತಿದ್ದಳು. ನಾನು ಕಮ್ಮಾರರ ಮನೆಯವನೆಂಬುದು ಆಚಾರ್ಯರಿಗೆ ಗೊತ್ತಿತ್ತು, ಆದರೆ ಅದನ್ನು ಅವರು ಒಂದು ದಿನವೂ ಮಾತಿನಲ್ಲಿ ತೋರಿಸಿರಲಿಲ್ಲ. "ಹವಾಲ್ದಾರ್ರು ನಮ್ಮವರು" ಎಂದೇ ಎಲ್ಲರಿಗೂ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಅವರ ಪಿಸ್ತೂಲಿಗೆ ರಿಪೇರಿ ರಾಮನಗರದಲ್ಲಿ. ನದಿಯಾಚೆ, ಕೋಟೆಯ ಬಳಿಯ ಬಜಾರಿನಲ್ಲಿ ಒಬ್ಬ ಮುಸಲ್ಮಾನ ಉಸ್ತಾದರ ಅಂಗಡಿ ಇತ್ತು. ಬಂದೂಕು ರಿಪೇರಿಯ ಸರ್ಕಾರಿ ಲೈಸೆನ್ಸು ಅವರ ತಂದೆಯ ಕಾಲದ್ದು. ಬ್ಯಾಂಕಿನ ಬಂದೂಕುಗಳೂ ಅಲ್ಲಿಗೇ ಹೋಗುತ್ತಿದ್ದವು. ನಾನು ಸಿವಿಲಿಯನ್ ಮಿಸ್ತ್ರಿಗಳನ್ನು ಹೊಗಳುವ ಪೈಕಿಯಲ್ಲ, ಆದರೆ ಈ ಮನುಷ್ಯನ ಕೈಗೆ ನನ್ನ ಸಲಾಂ. ಅವರು ಕಾಯಿಲೆ ಹುಡುಕುವ ಪದ್ಧತಿ ಸೈನ್ಯದಲ್ಲಿ ನಮಗೆ ಹೊಡೆದು ಹೇಳಿಕೊಟ್ಟದ್ದೇ: ಒಂದು ಸಲಕ್ಕೆ ಒಂದನ್ನೇ ಬದಲಿಸು. ಅದೇ ಪಿಸ್ತೂಲು, ಅದೇ ಗುಂಡು, ಬೇರೆ ಮ್ಯಾಗಜಿನ್. ತೊಂದರೆ ಹೋಯಿತೇ? ಹಾಗಾದರೆ ದೋಷ ಮ್ಯಾಗಜಿನ್ನಿನದು. ಹೋಗಲಿಲ್ಲವೇ? ಆಗ ಮಾತ್ರ ಪಿಸ್ತೂಲಿಗೆ ಕೈಹಾಕು. ಮದ್ದಿಲ್ಲದ ಹಿತ್ತಾಳೆಯ ಸುಳ್ಳುಗುಂಡುಗಳನ್ನು ಅವರೇ ಕಡೆದು ಇಟ್ಟುಕೊಂಡಿದ್ದರು. ಮೊದಲು ಅವನ್ನು ತುಂಬಿ ಕೈಯಿಂದ ಸ್ಲೈಡು ಎಳೆದು ಎಳೆದು ನೋಡಿ, ಕೊನೆಗೆ ಅಂಗಡಿಯ ಹಿಂದಿನ ಮರಳು ಪೆಟ್ಟಿಗೆಗೆ ನಿಜವಾದ ಗುಂಡು ಹಾರಿಸುತ್ತಿದ್ದರು.

ಆಚಾರ್ಯರ ಪಿಸ್ತೂಲು ವರ್ಷಕ್ಕೆ ಮೂರು ನಾಲ್ಕು ಸಲ ಅಲ್ಲಿಗೆ ಹೋಗುತ್ತಿತ್ತು. ಅಂಗಡಿಯಲ್ಲಿ ಸರಿಯಾಗುತ್ತಿತ್ತು, ಮನೆಗೆ ಬಂದು ಕೆಲವು ದಿನಕ್ಕೆ ಮತ್ತೆ ಸಿಕ್ಕಿಕೊಳ್ಳುತ್ತಿತ್ತು. ಇದರಿಂದ ಬೇಸತ್ತ ಆಚಾರ್ಯರು ಒಮ್ಮೆ ಚೌಕಿನ ಕಡೆಯಿಂದ ಒಂದು ಹೊಸ ಮ್ಯಾಗಜಿನ್ ಕೊಂಡು ತಂದು ನನ್ನ ಮುಂದೆ ಹಿಡಿದರು. ಕನ್ನಡಿಯ ಹಾಗೆ ಮಿಂಚುತ್ತಿತ್ತು.

"ನೋಡ್ರಿ ಹವಾಲ್ದಾರ್ರ, ಹ್ಯಾಂಗ ಚಮಕಾಸ್ತದ! ಹಳೇದು ಮಸಿ ಹಿಡದದ. ಇನ್ನ ಇದನ್ನ ಹಾಕ್ಕೊಂಡು ಬಿಡ್ತೇನಿ."

"ಆಚಾರ್ರ, ಇದು ದೀಪಾವಳಿ ಪಿಸ್ತೂಲಿಗೆ ಛಲೋ ಆಗ್ತದ," ಎಂದೆ.

ತೋರಿಸಿಯೂ ಕೊಟ್ಟೆ. ತಗಡು ತೆಳ್ಳಗೆ, ಬೆರಳಲ್ಲಿ ಒತ್ತಿದರೆ ಬಗ್ಗುತ್ತದೆ. ಒಳಗೆ ಬೆಸುಗೆಯ ಗೆರೆ ಹಾಗೇ ಉಬ್ಬಿದೆ, ಮೇಲೇರುವ ತಟ್ಟೆ ಅಲ್ಲಿ ಎಡವುತ್ತದೆ. ಎರಡು ತುಟಿಗಳಲ್ಲಿ ಒಂದು ಮೇಲೆ, ಒಂದು ಕೆಳಗೆ. ತಟ್ಟೆಯ ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತದೆ, ಅಂದರೆ ಗುಂಡಿನ ಮೂತಿ ಕೆಳಗೆ ಬೀಳುವುದು ಖಂಡಿತ. ಹಳೆಯದರ ತಳದಲ್ಲಿ ಪಿಸ್ತೂಲಿನದೇ ನಂಬರು ಇತ್ತು. ತುಟಿಗಳು ಗಟ್ಟಿ, ಗೋಡೆ ದಪ್ಪ, ಮಸಿ ಅನ್ನುವುದು ಬರೀ ಮೇಲಿನ ಬಣ್ಣ. ಮ್ಯಾಗಜಿನ್ ಆರಿಸುವವನು ಮುಖ ನೋಡಬಾರದು, ಅದು ಎಷ್ಟು ಸಲ ತಪ್ಪದೆ ಗುಂಡು ಕೊಟ್ಟಿದೆ ಎಂದು ನೋಡಬೇಕು. ಒಮ್ಮೆ ಕೈಕೊಟ್ಟದ್ದನ್ನು ಬೇರೆ ಇಡಬೇಕು, ಕಾರಣ ಸಿಗದಿದ್ದರೆ ಎಸೆಯಬೇಕು. ಇಷ್ಟು ಹೇಳಿದ್ದಕ್ಕೆ ಆಚಾರ್ಯರು ಮೂಗು ಮುರಿದರು. ಮಿಂಚುವುದನ್ನು ಬಿಟ್ಟು ಹಳೆಯದನ್ನೇ ಹಾಕಿಕೊಂಡರೂ ಮುಖದಲ್ಲಿ ಒಪ್ಪಿಗೆ ಇರಲಿಲ್ಲ.

ಆ ವರ್ಷ ಶ್ರಾವಣದ ಮೊದಲ ವಾರದಲ್ಲೇ ಅವರ ಮಗಳ ಮದುವೆ. ಕಾಶಿಯ ಕಡೆಯವರು ಶ್ರಾವಣದಲ್ಲಿ ಮದುವೆ ಮಾಡುವುದಿಲ್ಲ, ನಮ್ಮ ಕಡೆ ಮಾಡುತ್ತಾರೆ. ಹೀಗಾಗಿ ಘಾಟಿನ ಪುರೋಹಿತರಾದ ಪಂಡರೆಲ್ಲ ಈ ವಿಚಿತ್ರ ನೋಡಲೆಂದೇ ಬೆಳಗಿನ ಮುಹೂರ್ತಕ್ಕೆ ಬಂದು ಕೂತಿದ್ದರು. ಅವರ ಕಡೆಯ ಮದುವೆಯಲ್ಲಿ ಬಂದೂಕು ಹಾರಿಸದಿದ್ದರೆ ಮದುವೆಯಾದ ಹಾಗೇ ಅಲ್ಲ. ಶುದ್ಧ ಹುಚ್ಚಾಟ. ಹೆಣ್ಣಿನ ಅಪ್ಪನ ಸೊಂಟದಲ್ಲೇ ಪಿಸ್ತೂಲಿದೆಯಲ್ಲ ಎಂದು ಯಾರೋ ಕೆಣಕಿದರು. ತಾಳಿ ಕಟ್ಟಿದ ಮೇಲೆ, ಧಾರೆಯ ನೀರು ಇನ್ನೂ ಕೈಯಲ್ಲಿ ಆರಿರಲಿಲ್ಲ, ಆಚಾರ್ಯರು ಅಂಗಳದ ನಡುವೆ ನಿಂತು ಆಕಾಶಕ್ಕೆ ಪಿಸ್ತೂಲೆತ್ತಿದರು. ನಾನು ಬೇಡವೆಂದೆ. ಗುಂಡು ಮೇಲೆ ಹೋದದ್ದು ಕೆಳಗೆ ಬರುತ್ತದೆ ಎಂದೆ. ಯಾರು ಕೇಳುತ್ತಾರೆ?

ಮೊದಲನೆಯದು ಹಾರಿತು. ಎರಡನೆಯದಕ್ಕೆ ಕುದುರೆ ಒತ್ತಿದರೆ ಏನೂ ಇಲ್ಲ. ಸ್ಲೈಡು ಅರ್ಧಕ್ಕೆ ನಿಂತು, ಗುಂಡಿನ ಹೊಟ್ಟೆ ಕಚ್ಚಿಕೊಂಡಿತ್ತು. ಆಚಾರ್ಯರು ಎಳೆದರು, ಗುದ್ದಿದರು, ಪಂಚೆಯಲ್ಲಿ ಒರೆಸಿದರು. ಪಂಡರು ಬಿದ್ದು ಬಿದ್ದು ನಕ್ಕರು. ಬೀಗರೂ ನಕ್ಕರು. ನಾನು ಕೈಯಿಂದ ಕಿತ್ತುಕೊಂಡು ಮ್ಯಾಗಜಿನ್ ತೆಗೆದು ಗುಂಡು ಬಿಡಿಸಿದೆ, ಇಲ್ಲದಿದ್ದರೆ ಯಾರ ಹೊಟ್ಟೆಗೆ ಹೋಗುತ್ತಿತ್ತೋ. ನನಗೂ ಒಳಗೊಳಗೆ ಖುಷಿಯೇ ಆಯಿತು ಎಂದು ಮುಚ್ಚಿಡದೆ ಹೇಳುತ್ತೇನೆ.

ಆ ನಗುವಿಗೆ ಯಾರಾದರೂ ದಂಡ ತೆರಬೇಕಾಗಿತ್ತು. ಮದುವೆಗೆ ಐದೇ ದಿನ ಮೊದಲು ಉಸ್ತಾದರ ಅಂಗಡಿಯಿಂದ ಪಿಸ್ತೂಲು ಬಂದಿತ್ತು. ಮದುವೆಯ ಮರುವಾರವೇ ಆಚಾರ್ಯರು ಕಲೆಕ್ಟರ ಕಚೇರಿಗೆ ಹೋಗಿ, ರಾಮನಗರದ ಮಿಸ್ತ್ರಿ ಅಸಲಿ ಮ್ಯಾಗಜಿನ್ ಕದ್ದು ನಕಲಿ ಹಾಕಿದ್ದಾನೆ, ಪಿಸ್ತೂಲನ್ನು ಬೇಕೆಂದೇ ಕೆಡಿಸಿದ್ದಾನೆ ಎಂದು ದೂರು ಕೊಟ್ಟರು. ಅಲ್ಲಿನ ಹಥಿಯಾರು, ಅಂದರೆ ಆಯುಧ, ವಿಭಾಗದವರು ಬಂದು ಅಂಗಡಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿ ಹೋದರು. ವಿಚಾರಣೆಯಲ್ಲಿ ದೋಷ ಕಂಡರೆ ಲೈಸೆನ್ಸು ರದ್ದು. ಒಮ್ಮೆ ರದ್ದಾದರೆ ಆ ವಯಸ್ಸಿನಲ್ಲಿ ಉಸ್ತಾದರಿಗೆ ಮತ್ತೆ ಯಾರೂ ಕೊಡುವುದಿಲ್ಲ, ಬೇರೆ ಕೆಲಸವೂ ಅವರಿಗೆ ಬರುವುದಿಲ್ಲ.

ಪಿಸ್ತೂಲು ನೋಡಿ ಅಭಿಪ್ರಾಯ ಬರೆದುಕೊಡಲು ತಿಳಿದವನೊಬ್ಬ ಬೇಕು ಎಂದು ವಿಭಾಗದ ಬಡೇ ಬಾಬು, ಅಂದರೆ ಹೆಡ್ ಗುಮಾಸ್ತ, ಕೇಳಿದನಂತೆ. ಇಬ್ಬರೂ ನನ್ನನ್ನೇ ಹೆಸರಿಸಿದರು. ಆಚಾರ್ಯರು ನಾನು ಅವರವನೆಂದು, ಉಸ್ತಾದರು ನಾನು ಕಸುಬಿನವನೆಂದು.

ಕಚೇರಿಯ ಮೇಜಿನ ಮೇಲೆಯೇ ಬಿಚ್ಚಿದೆ. ಮ್ಯಾಗಜಿನ್ನಿನ ತಳದ ನಂಬರೂ ಪಿಸ್ತೂಲಿನ ನಂಬರೂ ಒಂದೇ. ಕಳ್ಳತನದ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ತಳದ ಪಟ್ಟಿ ಸರಿಸಿ ಸ್ಪ್ರಿಂಗು ಹೊರಗೆಳೆದೆ. ಅದರ ಜೊತೆ ಬೂದುಬಣ್ಣದ ನುಣ್ಣನೆಯ ಕೆಸರು ಬಂತು. ಒಣಗಿದ ಕಡೆ ಗೋಡೆಗೆ ಪದರವಾಗಿ ಕೂತಿತ್ತು, ತಟ್ಟೆಯ ಅಂಚಿಗೆ ತುಕ್ಕು ಹಿಡಿದಿತ್ತು. ತಟ್ಟೆಯನ್ನು ಬೆರಳಿಂದ ಕೆಳಗೊತ್ತಿ ಬಿಟ್ಟರೆ ಕೆಳಗೇ ಉಳಿಯುತ್ತಿತ್ತು. ಎಣ್ಣೆಯ ಕೊಳೆಯಲ್ಲ, ಜೇಬಿನ ಧೂಳಲ್ಲ. ಬೆರಳುಗಳ ನಡುವೆ ಉಜ್ಜಿ ನೋಡಿದೆ. ಶ್ರಾವಣದಲ್ಲಿ ಗಂಗೆಗೆ ಇಳಿದವರೆಲ್ಲರ ಕಾಲಿಗೆ ಅಂಟುವ ಮಣ್ಣು ಅದು.

ಸಂಜೆ ಆಚಾರ್ಯರ ಮನೆಗೆ ಹೋಗಿ ಕೇಳಿದೆ.

"ಆಚಾರ್ರ, ಮ್ಯಾಗಜಿನ್ ನೀರಾಗ ಏನರ ಬಿದ್ದಿತ್ತೇನ್ರಿ?"

"ಬೀಳೂದ್ಯಾಕ? ನಾನ ಅದ್ದೇನಿ," ಎಂದರು. ಮುಖದಲ್ಲಿ ಅಳುಕಿಲ್ಲ. "ಆ ಮಿಸ್ತ್ರಿ ಅದನ್ನ ಪೂರಾ ಬಿಚ್ಚಿ ಒಳಗೆಲ್ಲ ಕೈ ಆಡಸ್ತಾನ. ಹಂಗ ಮನಿಯೊಳಗ ತರಲಿಕ್ಕೆ ಬರ್ತದೇನ್ರಿ? ದೇವರ ಮನಿ ಬಾಜೂನ ಇಡೂದು ಅದು. ದೋಣಿಯಿಂದ ಇಳದ ಕೂಡಲೆ ಘಾಟಿನ ಮ್ಯಾಲೆ ಮೂರು ಸಲ ಮುಳುಗಿಸಿ ತರತೇನಿ. ಎಂಟು ವರ್ಷ ಆತು, ಒಂದ ಸಲನೂ ತಪ್ಪಿಸಿಲ್ಲ."

"ಪಿಸ್ತೂಲು?"

"ಪಿಸ್ತೂಲಿಗೆ ಒದ್ದಿ ಅರಿವಿಲೆ ಒರಸ್ತೇನಿ."

"ಗುಂಡು?"

"ಗುಂಡು ಹ್ಯಾಂಗ ತೊಳಿಲಿಕ್ಕೆ ಬರ್ತದ್ರೀ, ಮದ್ದು ತೊಯ್ತದಲ್ಲ!" ಎಂದು ನನ್ನ ತಿಳಿಗೇಡಿತನಕ್ಕೆ ನಕ್ಕರು.

ಮದ್ದಿಗೆ ಮೈಲಿಗೆ ಇಲ್ಲ, ಸ್ಪ್ರಿಂಗಿಗೆ ಇದೆ. ಎಂಟು ವರ್ಷ ಈ ಮನುಷ್ಯ ರಿಪೇರಿ ಮಾಡಿಸಿದ್ದನ್ನು ಅದೇ ದಿನ ತನ್ನ ಕೈಯಾರೆ ಕೆಡಿಸಿಕೊಂಡು, ಕೆಟ್ಟಿತೆಂದು ಮತ್ತೆ ಅದೇ ಅಂಗಡಿಗೆ ಒಯ್ದಿದ್ದಾನೆ. ಮುಟ್ಟಿದ ಕೈಯ ಮೈಲಿಗೆ ಕಳೆಯಲು ಮಣ್ಣು ತುಂಬಿಸಿ, ಆ ಮಣ್ಣಿನ ತಪ್ಪನ್ನೂ ಆ ಕೈಯ ಮೇಲೇ ಹೊರಿಸಿದ್ದಾನೆ. ಬೇಸಿಗೆಯಲ್ಲಿ ತಿಳಿನೀರಾದ್ದರಿಂದ ಪಿಸ್ತೂಲು ಒಂದಿಷ್ಟು ದಿನ ತಡೆಯುತ್ತಿತ್ತು, ಮಳೆಗಾಲದಲ್ಲಿ ಕೂಡಲೇ ಸಿಕ್ಕಿಕೊಳ್ಳುತ್ತಿತ್ತು ಎಂಬುದೂ ಆಗ ಹೊಳೆಯಿತು. ಇಷ್ಟು ದಡ್ಡತನವನ್ನು ನಾನು ಸೈನ್ಯದಲ್ಲಿ ಹೊಸದಾಗಿ ಸೇರಿದವರಲ್ಲೂ ಕಂಡಿರಲಿಲ್ಲ.

"ಆಚಾರ್ರ, ಇದನ್ನ ನಾ ಬರಿಬೇಕಾಗ್ತದ," ಎಂದೆ.

ಅವರ ಮುಖ ಗಂಟಿಕ್ಕಿತು. "ಏನಂತ ಬರೀತೀರಿ? ಬ್ರಾಹ್ಮಣ ತೊಳದು ಕೆಡಿಸಿದಾ ಅಂತನಾ? ಮೊನ್ನೆರೆ ಬೀಗರ ಮುಂದ ಮರ್ಯಾದಿ ಹೋಗ್ಯದ. ಇನ್ನ ಕಚೇರಿಯೊಳಗ ಸುದ್ದಾ ನಗಬೇಕೇನು? ನಮ್ಮವರಾಗಿ ನೀವ ಹಿಂಗ ಅಂದ್ರ ಹ್ಯಾಂಗ್ರೀ?"

ನಾನು ಮನೆಗೆ ಬಂದು ಅಭಿಪ್ರಾಯ ಬರೆದೆ. ಮ್ಯಾಗಜಿನ್ ಅಸಲಿಯೇ ಇದೆ. ಒಳಗೆ ತೇವ ಮತ್ತು ಕೊಳೆ ಇದ್ದು, ಅದರಿಂದ ಗುಂಡು ಮೇಲೇರುತ್ತಿಲ್ಲ. ಕೊಳೆ ಸೇರಿದ ಕಾರಣವನ್ನು ಖಚಿತವಾಗಿ ಹೇಳಲಾಗದು. ಈ ಕೊನೆಯ ವಾಕ್ಯವನ್ನು ಸುಳ್ಳೆಂದು ತಿಳಿದೇ ಬರೆದೆ. ಕಳ್ಳತನದ ಆರೋಪ ತೆಗೆದಿದ್ದೇನಲ್ಲ, ಉಸ್ತಾದರಿಗೆ ಅಷ್ಟು ಸಾಕು ಎಂದುಕೊಂಡೆ. ಗೌರಿ ಹಬ್ಬ ಹತ್ತಿರ ಬಂದಿತ್ತು. ಹೆಂಡತಿಗೆ ಆ ಊರಿನಲ್ಲಿ ಕನ್ನಡ ಮಾತಾಡಲು ಇದ್ದದ್ದು ಅದೊಂದೇ ಮನೆ. ಆಚಾರ್ಯರನ್ನು ಮನಸ್ಸಿನಲ್ಲೇ ಬೈದುಕೊಂಡು, ಕಾಗದದಲ್ಲಿ ಕಾಪಾಡಿದೆ.

ಬಡೇ ಬಾಬು ಎಂಬ ಪ್ರಾಣಿ ಆ ಕಾಗದ ಓದಿ ಏನು ಅರ್ಥ ಮಾಡಿಕೊಂಡ? ಕಾರಣ ಖಚಿತವಿಲ್ಲ, ಅಂದರೆ ಮಿಸ್ತ್ರಿಯ ತಪ್ಪೂ ಇರಬಹುದು, ಆದ್ದರಿಂದ ವಿಚಾರಣೆ ಮುಂದುವರಿಯಲಿ. ಮೇಲಿನ ಅಧಿಕಾರಿ ರುಜು ಹಾಕಿದ. ಬೀಗ ಬೀಗವಾಗಿಯೇ ಉಳಿಯಿತು. ಕಾಗದ ತಿಂದು ಕಾಗದ ಹಡೆಯುವ ಈ ಜನರನ್ನು ಬೈಯುವುದು ಸುಲಭ, ಆದರೆ ಅವರಿಗೆ ಆ ವಾಕ್ಯ ಬರೆದುಕೊಟ್ಟವನು ನಾನು.

ಬ್ಯಾಂಕಿನ ಎರಡು ಬಂದೂಕು ಆ ಅಂಗಡಿಯೊಳಗೇ ಸಿಕ್ಕಿಬಿದ್ದವು. ನಮ್ಮ ಕಾವಲುಗಾರ ಬಾಗಿಲಲ್ಲಿ ಬಿದಿರಿನ ಲಾಠಿ ಹಿಡಿದು ನಿಲ್ಲತೊಡಗಿದ. ಆ ಬಂದೂಕುಗಳನ್ನು ಬಿಡಿಸುವ ನೆಪದಲ್ಲಿ ನಾನು ರಾಮನಗರಕ್ಕೆ ಹೋದೆ. ಮಳೆಗಾಲವಾದ್ದರಿಂದ ಪೀಪಾಯಿಗಳ ತೇಲುಸೇತುವೆ ಬಿಚ್ಚಿದ್ದರು. ರಾಜಘಾಟಿನ ಸೇತುವೆ ಸುತ್ತಿಕೊಂಡು ಹೋಗಬೇಕಾಯಿತು. ಉಸ್ತಾದರು ಮುಚ್ಚಿದ ಅಂಗಡಿಯ ಮುಂದಿನ ಹಲಗೆಯ ಮೇಲೆ ಕೂತಿದ್ದರು. ದಿನಾ ಅಂಗಡಿ ತೆರೆಯುವ ಹೊತ್ತಿಗೆ ಬಂದು, ಮುಚ್ಚುವ ಹೊತ್ತಿಗೆ ಏಳುತ್ತಿದ್ದರಂತೆ. ಅರ, ಇಕ್ಕಳ, ಸುಳ್ಳುಗುಂಡು, ಎಲ್ಲ ಒಳಗೆ.

"ನೀವು ಬಿಚ್ಚಿ ನೋಡಿದಿರಲ್ಲ ಬಾಬೂಜಿ," ಎಂದರು ಹಿಂದಿಯಲ್ಲಿ, "ನನಗೆ ಧೈರ್ಯ ಬಂತು. ನೋಡಿದವರಿಗೆ ಗೊತ್ತಾಗುತ್ತದೆ."

"ನಿಮಗೂ ಮಣ್ಣು ಕಂಡಿತ್ತಲ್ಲವೇ? ಅವರಿಗೆ ಯಾಕೆ ಹೇಳಲಿಲ್ಲ?"

"ಪ್ರತಿ ಸಲವೂ ಕಂಡಿತ್ತು. ಪ್ರತಿ ಸಲವೂ ತೆಗೆದೆ. ನೀರಿನಿಂದ ದೂರ ಇಡಿ ಪಂಡಿತ್‌ಜೀ ಅಂತ ಹೇಳಿಯೂ ಹೇಳಿದೆ. ನನ್ನ ಕೈ ಮುಟ್ಟಿದ್ದನ್ನು ತೊಳೆಯಬೇಡಿ ಅಂತ ನಾನೇ ಅವರಿಗೆ ಹೇಳುವುದು ಹೇಗೆ?"

ಏನಾದರೂ ಮಾಡೋಣ ಎಂದು ಗೊಣಗಿ ಬಂದುಬಿಟ್ಟೆ. ಹೆಂಡತಿಗೆ ಹೇಳಿದರೆ ಅವಳು ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೆತ್ತದೆ, "ಖರೇ ಬರದಿದ್ರ ಮುಗೀತಿತ್ತು. ನನ್ನ ಹೆಸರು ಹೇಳಿ ಹೆದರಬ್ಯಾಡ್ರಿ, ನಾ ಗೋಡಿ ಕೂಡ ಮಾತಾಡ್ತೇನಿ," ಎಂದಳು. ಅದಕ್ಕೂ ನಾನು ರೇಗಿದೆ.

ಆಗ ನನಗೆ ಒಂದು ಜಾಣ ಉಪಾಯ ಹೊಳೆಯಿತು. ಕಚೇರಿಯವರು ಪಿಸ್ತೂಲನ್ನು ಆಚಾರ್ಯರಿಗೆ ಮರಳಿಸಿದ್ದರು. ನಾನೇ ಅದನ್ನು ಸರಿಮಾಡಿಕೊಡುವುದು, ಅದು ಸಿಕ್ಕಿಕೊಳ್ಳದೆ ಒಂದಿಷ್ಟು ದಿನ ನಡೆದರೆ ಆಚಾರ್ಯರಿಂದ ದೂರು ವಾಪಸು ತೆಗೆಸುವುದು. ಯಾರ ಮರ್ಯಾದೆಯೂ ಹೋಗುವುದಿಲ್ಲ, ಉಸ್ತಾದರ ಅಂಗಡಿಯೂ ಉಳಿಯುತ್ತದೆ. ಒಂದು ಭಾನುವಾರ ಆಚಾರ್ಯರ ಅಂಗಳದಲ್ಲೇ, ಅವರ ಕಣ್ಣೆದುರಿಗೇ ಕೂತೆ. ಮ್ಯಾಗಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಒಣಗಿಸಿದೆ. ತುಕ್ಕನ್ನು ಮರಳುಕಾಗದದಿಂದ ಉಜ್ಜಿ ತೆಗೆದೆ. ಹಳೆಯ ಸ್ಪ್ರಿಂಗಿನ ಬದಲು ಅಳತೆಗೆ ಕೂಡಿದ ಹೊಸದನ್ನು ಹಾಕಿದೆ. ಒಳಗೆ ಎಣ್ಣೆಯ ತೇವ ಅಂಟಿದೆಯೋ ಇಲ್ಲವೋ ಅನ್ನುವಷ್ಟೇ. ಗುಂಡು ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಹಿಂದೆ ಸಿಕ್ಕದ ಹಾಗೆ ಮುಂದಕ್ಕೆ ಸರಿಸಿ ಕೂರಿಸಬೇಕೆಂದೂ ಹೇಳಿಕೊಟ್ಟೆ. ಸೈನ್ಯದ ಪರಿಚಯದಿಂದ ಕಂಟೋನ್ಮೆಂಟಿನ ಫೈರಿಂಗ್ ರೇಂಜಿಗೆ ಅವರನ್ನೇ ಕರೆದೊಯ್ದು, ಅವರ ಕೈಯಿಂದಲೇ ಮೂರು ಸಲ ಪೂರ್ತಿ ತುಂಬಿಸಿ ಹೊಡೆಸಿದೆ. ಒಂದೂ ನಿಲ್ಲಲಿಲ್ಲ.

"ಇನ್ನ ಇದಕ್ಕ ನೀರು ಮುಟ್ಟಿಸಬ್ಯಾಡ್ರಿ," ಎಂದೆ. "ಆ ಮಿಸ್ತ್ರಿ ಮುಟ್ಟಿಲ್ಲ. ನಾನ ಮಾಡೇನಿ."

"ಛೇ ಛೇ, ನೀವು ಮುಟ್ಟಿದ್ದು ಅಂದಮ್ಯಾಲೆ ಮುಳುಗಿಸೂದೇನದ? ಒಂದು ತಿಂಗಳು ನೆಟ್ಟಗ ನಡದ್ರ ದೂರು ತೆಗೆದು ಬಿಡ್ತೇನಿ. ವಚನ," ಎಂದರು. ನನ್ನ ಬೆನ್ನು ತಟ್ಟಲು ಕೈ ಎತ್ತಿದವರು, ಯಾಕೋ ಅರ್ಧದಲ್ಲೇ ಇಳಿಸಿ ಉತ್ತರೀಯ ಸರಿಮಾಡಿಕೊಂಡರು. ನಾನು ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಹತ್ತು ದಿನವೂ ಆಗಿರಲಿಲ್ಲ, ಬೆಳಿಗ್ಗೆ ಬೆಳಿಗ್ಗೆ ಆಚಾರ್ಯರು ನನ್ನ ಮನೆಯ ಬಾಗಿಲಿಗೆ ಬಂದರು. ಪಿಸ್ತೂಲು ಕೈಯಲ್ಲೇ ಇತ್ತು.

"ಮತ್ತ ಸಿಕ್ಕೊಂಡದ ನೋಡ್ರಿ. ಆ ಮಿಸ್ತ್ರಿ ಮೊದಲ ಕೆಡಿಸಿಟ್ಟಾನ, ನಿಮ್ಮಂಥವರ ಕೈಲೂ ಆಗವಲ್ದು. ಅವನ ಲೈಸೆನ್ಸ್ ತೆಗಸದ ನಾ ಬಿಡೂದಿಲ್ಲ."

ಮ್ಯಾಗಜಿನ್ ತೆಗೆದು, ತಳ ಸರಿಸಿ ಬಿಚ್ಚಿದೆ. ಹೊಸ ಸ್ಪ್ರಿಂಗಿನ ಮೇಲೆ ಕೆಂಪು ತುಕ್ಕು. ತಟ್ಟೆಗೂ ಗೋಡೆಗೂ ನಡುವೆ ಬೆಣೆಯ ಹಾಗೆ ಏನೋ ಹಸಿರುಗಪ್ಪು ಸಿಕ್ಕಿಕೊಂಡಿತ್ತು. ಸೂಜಿಯಿಂದ ಎಬ್ಬಿಸಿ ಅಂಗೈಯಲ್ಲಿ ಇಟ್ಟುಕೊಂಡೆ. ತುಳಸಿ ಎಲೆಯ ಚೂರು.

ನನ್ನ ಕೈ ಬಿಟ್ಟರೆ ಬೇರೆ ಯಾರ ಕೈಯೂ ಆ ಡಬ್ಬಿಯೊಳಗೆ ಹೋಗಿರಲಿಲ್ಲ.

"ಆಚಾರ್ರ, ಮುಳುಗಿಸೂದಿಲ್ಲ ಅಂದಿದ್ರಿ."

"ಮುಳುಗಿಸಿಲ್ರೀ, ದೇವರಾಣಿ! ಬರೇ ತೀರ್ಥ ಪ್ರೋಕ್ಷಣಿ ಮಾಡೇನಿ."

"ನಾ ಮುಟ್ಟಿದ್ದಕ್ಕ?"

"ಹೂಂ. ಅದಕ್ಕ ಬರೇ ಪ್ರೋಕ್ಷಣಿ." ನನಗೆ ದೊಡ್ಡ ಮರ್ಯಾದೆ ಕೊಟ್ಟವರ ಹಾಗೆ ಅವರು ಮುಗುಳ್ನಕ್ಕರು. "ಅವನಾಗಿದ್ರ ಮುಳುಗಿಸ್ತಿದ್ದೆ. ನೀವು ಎಷ್ಟಂದ್ರೂ ನಮ್ಮವರು."

ಸಿಟ್ಟು ಬರುತ್ತದೆಂದು ಕಾದೆ. ಬಂದದ್ದು ನಾಚಿಕೆ. ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ. ಎಷ್ಟು ವರ್ಷ ಆ ಅಂಗಳದಲ್ಲಿ ಕೂತು, ನಕ್ಕು, ಆ ಓಣಿಯ ಮಿಕ್ಕವರನ್ನೆಲ್ಲ ಆಡಿಕೊಂಡು ಎದ್ದು ಬಂದಿದ್ದೆ. ನಾನು ಎದ್ದು ಬಂದ ಮೇಲೆ ಅಲ್ಲಿ ಎಷ್ಟು ಸಲ ತೀರ್ಥ ಚೆಲ್ಲಿದ್ದಾರೋ. ಪಿಸ್ತೂಲನ್ನು ಅವರ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲೆ ಇಟ್ಟೆ. ಮ್ಯಾಗಜಿನ್ನನ್ನು ಮಾತ್ರ ಬಿಚ್ಚಿದ ಹಾಗೇ ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಅವರು "ಏನ್ರೀ, ಎಲ್ಲಿ ಒಯ್ತೀರಿ?" ಎಂದು ಕೂಗುತ್ತಿದ್ದಂತೆ ಸೈಕಲ್ ರಿಕ್ಷಾ ಹಿಡಿದು ಸೀದಾ ಕಚೇರಿಗೆ ಹೋದೆ.

ಬಡೇ ಬಾಬುವಿನ ಮೇಜಿನ ಮೇಲೆ ಗಂಟು ಬಿಚ್ಚಿಟ್ಟು, ಅಲ್ಲೇ ಕೂತು ಎರಡನೆಯ ಅಭಿಪ್ರಾಯ ಬರೆದೆ. ಮಾಲೀಕ ಎಂಟು ವರ್ಷದಿಂದ ರಿಪೇರಿಯಾದ ಮ್ಯಾಗಜಿನ್ನನ್ನು ನದಿಯ ನೀರಿನಲ್ಲಿ ಮುಳುಗಿಸುತ್ತಿರುವುದಾಗಿ ನನ್ನೆದುರು ತಾನೇ ಹೇಳಿದ್ದಾನೆ. ಕೊಳೆಯೂ ತುಕ್ಕೂ ಅದರಿಂದಲೇ. ನಾನು ಸರಿಮಾಡಿ ಕೊಟ್ಟ ಮೇಲೂ ನೀರು ಹಾಕಿದ್ದಾನೆ, ಪುರಾವೆ ಇಲ್ಲಿದೆ. ಮಿಸ್ತ್ರಿಯ ಕೆಲಸದಲ್ಲಿ ಯಾವ ದೋಷವೂ ಇಲ್ಲ. ಅಂಕುಡೊಂಕಿಲ್ಲದ ಐದಾರು ವಾಕ್ಯ. ಬಡೇ ಬಾಬು ತುಳಸಿಯ ಚೂರನ್ನು ನೋಡಿ ಬಾಯಿಯ ಪಾನು ಹೊರಗೆ ಬೀಳುವಷ್ಟು ನಕ್ಕ. ಅವನ ಜೊತೆ ನಗುವುದು ನನಗಾಗಲಿಲ್ಲ. ಆ ವಾರದಲ್ಲೇ ಅಂಗಡಿಯ ಮುದ್ರೆ ಒಡೆದರು. ಆಚಾರ್ಯರ ಮನೆಯ ಗೌರಿ ಹಬ್ಬಕ್ಕೆ ನಮಗೆ ಕರೆ ಬರಲಿಲ್ಲ, ನನ್ನ ಹೆಂಡತಿ ಮನೆಯಲ್ಲೇ ಗೌರಿ ಕೂರಿಸಿದಳು.

ಬ್ಯಾಂಕಿನ ಬಂದೂಕು ತರಲು ನಾನೇ ರಾಮನಗರಕ್ಕೆ ಹೋದೆ. ನಿಜ ಹೇಳಬೇಕೆಂದರೆ, ಒಂದೆರಡು ಒಳ್ಳೆಯ ಮಾತು ಕೇಳುವ ಆಸೆಯೂ ಇತ್ತು. ಉಸ್ತಾದರು ಅಂಗಡಿಯೊಳಗೆ ತುಕ್ಕು ಹಿಡಿದ ಅರಗಳನ್ನು ಉಜ್ಜುತ್ತ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು ಸಲಾಂ ಮಾಡಿದರು, ಚಹಾ ತರಿಸಿದರು, ಅಲ್ಲಾ ನಿಮಗೆ ಒಳ್ಳೆಯದು ಮಾಡಲಿ ಎಂದರು. ಕಚೇರಿಯವರು ಕಡತ ಮುಚ್ಚುವಾಗ ನನ್ನ ಎರಡೂ ಅಭಿಪ್ರಾಯಗಳ ನಕಲು ಅವರಿಗೆ ಕೊಟ್ಟಿದ್ದರಂತೆ. ಬಜಾರಿನ ಅರ್ಜಿ ಬರೆಯುವವನಿಂದ ಓದಿಸಿ ಕೇಳಿದ್ದರಂತೆ. ಬಂದೂಕುಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮುಂದಿಟ್ಟರು.

"ಒಂದು ಮಾತು ಕೇಳಲೇ ಬಾಬೂಜಿ? ಮೊದಲನೇ ಕಾಗದ ಬರೆಯುವಾಗ ನಿಮಗೆ ಈ ನೀರಿನ ವಿಷಯ ಗೊತ್ತಿತ್ತೇ?"

ಗೊತ್ತಿರಲಿಲ್ಲ ಎಂದರೆ ನಂಬುತ್ತಿದ್ದರು. ನಂಬಲು ತಯಾರಾಗಿಯೇ ಕೇಳಿದ್ದರು.

"ಗೊತ್ತಿತ್ತು," ಎಂದೆ.

ಅವರು ತಲೆಯಾಡಿಸಿ, ಮತ್ತೆ ಅರ ಉಜ್ಜತೊಡಗಿದರು.